ನಿಮಗಿದು ಗೊತ್ತೆ?: ಕಿರುನಕ್ಷತ್ರದ ಏಳು ಗ್ರಹಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳ ಮೇಲೆ ಕಾರ್ತಿಕದ ಮುನ್ನಿರುಳಿನಲ್ಲಿ ಕಾಣುವ ಕುಂಭರಾಶಿಯಲ್ಲಿ, ಬರಿಗಣ್ಣಿಗೆ ಅಗೋಚರವಾಗಿ, ಸುಮಾರು 40 ಜ್ಯೋತಿರ್ವರ್ಷಗಳ ದೂರದಲ್ಲಿ ಟ್ರಾಪಿಸ್ಟ್-1 ಎಂಬ ಕೆಂಪು ಕುಬ್ಜ ನಕ್ಷತ್ರವೊಂದಿದೆ. ಸೂರ್ಯನನ್ನು ಸುಲಿದ ತೆಂಗಿನಕಾಯಿಯೆಂದು ಭಾವಿಸಿದರೆ ಇದು ದಪ್ಪ ಕಡಲೆಕಾಳಿನಷ್ಟು. ದ್ರವ್ಯರಾಶಿಯೋ ಸೂರ್ಯನದರ ನೂರರಲ್ಲಿ 9 ಪಾಲು ಮಾತ್ರ.

ಇಂಥ ನಕ್ಷತ್ರವೂ ಅದರ ಗ್ರಹಗಳೂ ಹುಟ್ಟುವ ಬಗೆ ಹೀಗೆ: ಶೀತಲವಾದ ಅನಿಲ-ಧೂಳಿನ ಮೇಘದೊಳಗಿನ ಸಾಂದ್ರ ಭಾಗವೊಂದು ಸ್ವಗುರುತ್ವದಿಂದಲೇ ಕುಸಿದು, ಕುಸಿದಂತೆಲ್ಲ ವೇಗವಾಗಿ ತಿರುಗುತ್ತ, ನಡುವೆ ನಕ್ಷತ್ರವನ್ನೂ ಸುತ್ತಲೂ ತಟ್ಟೆಯಾಕಾರದ ಚಕ್ರವನ್ನೂ ನಿರ್ಮಿಸುತ್ತದೆ. ಆ ಚಕ್ರದ ಧೂಳಿನ ಕಣಗಳು ಒಂದಕ್ಕೊಂದು ಅಂಟಿ, ಬಂಡೆಗಳಾಗಿ, ಕಡೆಗೆ ಗ್ರಹಗಳಾಗಿ ಬೆಳೆಯುತ್ತವೆ. ಕೂಡಿದ ದ್ರವ್ಯವು ಸೂರ್ಯನದರ ನೂರರಲ್ಲಿ ಸುಮಾರು 8 ಪಾಲಿಗಿಂತ ಕಡಮೆಯಾದರೆ, ಗರ್ಭದಲ್ಲಿ ಜಲಜನಕದ ಸಮ್ಮಿಲನವು ನೆಲೆಗೊಳ್ಳದೆ, ಅದು ನಕ್ಷತ್ರಪದವಿಯನ್ನು ಪಡೆಯದ ಕಂದುಕುಬ್ಜವಾಗಿ ಉಳಿಯುತ್ತದೆ.

ಟ್ರಾಪಿಸ್ಟ್-1ರ ಮೊದಲ ಗ್ರಹಗಳನ್ನು 2016ರಲ್ಲಿ ಪ್ರಕಟಪಡಿಸಿದ ಶೋಧದಲ್ಲಿ, ಲಡಾಖಿನ ಹಾನ್ಲೆಯಲ್ಲಿದ್ದು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ನಿಯಂತ್ರಿತವಾಗುವ, 2 ಮೀಟರ್ ದರ್ಪಣದ ಹಿಮಾಲಯನ್ ಚಂದ್ರ ದೂರದರ್ಶಕವೂ ಪಾಲ್ಗೊಂಡಿತೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. 2017ರ ವೇಳೆಗೆ ಗ್ರಹಗಳ ಸಂಖ್ಯೆ ಏಳಕ್ಕೇರಿತು. ಭೂಮಿಯ ಗಾತ್ರಕ್ಕೆ ಸಮೀಪವಾದ ಆ ಏಳೂ, ಬುಧನು ಸೂರ್ಯನಿಗಿರುವುದಕ್ಕಿಂತ ಹತ್ತಿರದಲ್ಲಿಯೇ ತಮ್ಮ ನಕ್ಷತ್ರವನ್ನು ಸುತ್ತುತ್ತಿವೆ.