ನಿಮಗಿದು ಗೊತ್ತೇ? ಸ್ವಿಚ್ಚಿನ ವಂಶಾವಳಿ

'ಕಂಪ್ಯೂಟರ್' ಎಂದರೆ ಮೊದಲು ಯಂತ್ರವಲ್ಲ, ಮನುಷ್ಯ. ಕೂತು ಲೆಕ್ಕ ಹಾಕುವವರ ಹುದ್ದೆಯ ಹೆಸರು ಅದು. ನಮ್ಮ 'ಗಣಕ'ನೂ ಹಾಗೆಯೇ: ಲೆಕ್ಕಿಗ, ಇಲ್ಲವೇ ಜೋಯಿಸ. ಕನ್ನಡದವರು ಜಾಣತನದಿಂದ ಪಕ್ಕಕ್ಕೊಂದು 'ಯಂತ್ರ' ಸೇರಿಸಿ ಗೊಂದಲ ತಪ್ಪಿಸಿದರು.

1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಜಗತ್ತಿಗೆ ತೋರಿಸಿದ ಗಣಕಯಂತ್ರ ಎನಿಯಾಕ್‌ನಲ್ಲಿ ಸುಮಾರು 18,000 ವಾಲ್ವುಗಳಿದ್ದವು: ಸ್ವಿಚ್ಚಿನಂತೆ ಕೆಲಸ ಮಾಡುವ ಗಾಜಿನ ಬುರುಡೆಗಳು. ತೂಕ 30 ಟನ್. ಹೆಚ್ಚುಕಡಿಮೆ ಎರಡು ದಿನಕ್ಕೊಂದು ವಾಲ್ವು ಕೈಕೊಡುತ್ತಿತ್ತು. ಕಾಯುವಾಗ, ತಣಿಯುವಾಗಲೇ ಹೆಚ್ಚು ಕೆಡುತ್ತಿದ್ದುದರಿಂದ ಯಂತ್ರವನ್ನು ಆರಿಸಲಿಕ್ಕೇ ಹೆದರಿಕೆ! ಹೊಸ ಲೆಕ್ಕ ಕೊಡಬೇಕೆಂದರೆ ಕೇಬಲ್ ಕಿತ್ತು ಬೇರೆ ಕಡೆ ಚುಚ್ಚಬೇಕು. ಆ ಕೆಲಸ ಮಾಡಿದವರು ಆರು ಮಂದಿ ಮಹಿಳೆಯರು. ಅವರ ಹೆಸರು ಲೋಕಕ್ಕೆ ತಿಳಿಯಲು ದಶಕಗಳೇ ಬೇಕಾದವು.

ಹಾರ್ವರ್ಡ್ ಮಾರ್ಕ್-2 ಗಣಕಯಂತ್ರದ ರಿಲೇ ಎಂಬ ಸ್ವಿಚ್ಚಿನಲ್ಲಿ ಪತಂಗವೊಂದು ಸಿಕ್ಕಿಬಿದ್ದದ್ದು 1947ರ ಸೆಪ್ಟೆಂಬರ್ 9ರಂದು. ಅದನ್ನು ದಿನಚರಿ ಪುಸ್ತಕಕ್ಕೆ ಟೇಪು ಹಾಕಿ ಅಂಟಿಸಿದ್ದೂ ನಿಜ. ಯಂತ್ರದ ದೋಷಕ್ಕೆ 'ಬಗ್' (ಹುಳು) ಎಂಬ ಮಾತು ಹುಟ್ಟಿದ್ದೇ ಅಲ್ಲಿ ಎನ್ನುವುದು ಮಾತ್ರ ಸುಳ್ಳು. ಎಡಿಸನ್ ಕಾಲಕ್ಕೇ ಅದು ಬಳಕೆಯಲ್ಲಿತ್ತು.

ಅದೇ 1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ವಾಲ್ವಿನ ಕೆಲಸವನ್ನೇ ಮಾಡಿತು: ವಿದ್ಯುತ್ತನ್ನು ಬಿಡುವುದು, ತಡೆಯುವುದು. ಕಾಯಿಸುವ ತಂತಿಯಿಲ್ಲ, ಗಾಜಿನ ಬುರುಡೆಯಿಲ್ಲ, ಅಷ್ಟೇ. ನಮ್ಮ ಅಜ್ಜಂದಿರಿಗೆ ಟ್ರಾನ್ಸಿಸ್ಟರ್ ಎಂದರೆ ಕ್ರಿಕೆಟ್ ಕಾಮೆಂಟರಿ ಕೇಳುವ ಪುಟ್ಟ ರೇಡಿಯೊ. ಬಿಡಿಭಾಗದ ಹೆಸರು ಇಡೀ ಪೆಟ್ಟಿಗೆಗೇ ಅಂಟಿಕೊಂಡಿತ್ತು.

ಆರ್. ನರಸಿಂಹನ್ ನೇತೃತ್ವದ ತಂಡ ಮುಂಬಯಿಯಲ್ಲಿ ಕಟ್ಟಿದ ಟಿಫ್ರಾಕ್ ಗಣಕಯಂತ್ರ 1960ರಲ್ಲಿ ಕೆಲಸಕ್ಕಿಳಿದಾಗ ಅದರೊಳಗಿದ್ದದ್ದು ವಾಲ್ವುಗಳು. ಹೊರಗಿನ ಜಗತ್ತು ಅಷ್ಟರಲ್ಲಾಗಲೇ ಟ್ರಾನ್ಸಿಸ್ಟರಿಗೆ ದಾಟಿತ್ತು. ಆದರೇನು, ಕಟ್ಟಿ ಕಲಿತವರು ಉಳಿದರಲ್ಲ!

ಚಂದ್ರನ ಬಳಿಗೆ ಹೋದ ಅಪೊಲೊ ನೌಕೆಗಳ ಪ್ರೋಗ್ರಾಂ ಅನ್ನು ಟೈಪು ಮಾಡಿ ತುಂಬಲಿಲ್ಲ, ಕೈಯಿಂದ ಹೆಣೆದರು. ಹೂ ಪೋಣಿಸಿದ ಹಾಗೆ ಸಣ್ಣ ಕಾಂತದ ಉಂಗುರಗಳ ನಡುವೆ ತಂತಿ ಎಳೆಯುವುದು: ತಂತಿ ಉಂಗುರದೊಳಗೆ ಹಾದರೆ 1, ಹೊರಗಿನಿಂದ ಹೋದರೆ 0. ಕಾರ್ಖಾನೆಯಲ್ಲಿ ಇದನ್ನು ಹೆಣೆದವರೂ ಹೆಂಗಸರೇ. ಒಂದು ಎಳೆ ತಪ್ಪಿದರೆ ಬಿಚ್ಚಿ ಸರಿಪಡಿಸುವುದು ಮಹಾ ರೇಜಿಗೆ. ಪಠ್ಯಪುಸ್ತಕದ ಲೆಕ್ಕದಲ್ಲಿ ವಾಲ್ವು ಗಣಕದ ಮೊದಲ ಪೀಳಿಗೆ, ಟ್ರಾನ್ಸಿಸ್ಟರ್ ಎರಡನೆಯದು; ನೌಕೆಯ ಅದೇ ಗಣಕಕ್ಕೆ ಮೂರನೇ ಪೀಳಿಗೆಯ, ಅಂದರೆ ಹಲವು ಟ್ರಾನ್ಸಿಸ್ಟರುಗಳನ್ನು ಒಂದೇ ಚೂರಿನಲ್ಲಿ ಕೂಡಿಸಿದ ಐಸಿ ಚಿಪ್ಪುಗಳನ್ನೂ ಹಾಕಿದ್ದರು. ನೇಯ್ಗೆಯೂ ಚಿಪ್ಪೂ ಒಂದೇ ಪೆಟ್ಟಿಗೆಯಲ್ಲಿ!

ಐಸಿಯನ್ನು 1958ರಲ್ಲಿ ಮೊದಲು ಮಾಡಿ ತೋರಿಸಿದ ಜಾಕ್ ಕಿಲ್ಬಿಗೆ ನೊಬೆಲ್ ಸಿಕ್ಕಿದ್ದು 2000ದಲ್ಲಿ. ಅವರಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂತು.

ಗಣಕದ ಮಿದುಳನ್ನೇ ಒಂದು ಚಿಪ್ಪಿಗಿಳಿಸಿದ ಮೈಕ್ರೊಪ್ರೊಸೆಸರ್ ಹುಟ್ಟಿದ್ದು ಕಂಪ್ಯೂಟರಿಗಾಗಿ ಅಲ್ಲ, ಕ್ಯಾಲ್ಕುಲೇಟರಿಗಾಗಿ! ಜಪಾನಿನ ಬಿಸಿಕಾಮ್ ಕಂಪನಿಗೆಂದು ಇಂಟೆಲ್ ಮಾಡಿದ 4004 ಚಿಪ್ಪಿನಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದವು. ಬಿಸಿಕಾಮ್‌ಗೆ 60,000 ಡಾಲರ್ ಮರಳಿಸಿ ಇಂಟೆಲ್ ಮಾರಾಟದ ಹಕ್ಕು ಬಿಡಿಸಿಕೊಂಡಿತು. ಇದಕ್ಕಿಂತ ಲಾಭದ ವ್ಯಾಪಾರ ಇನ್ನೊಂದಿದ್ದರೆ ನಾನರಿಯೆ. ವಿನ್ಯಾಸಕಾರ ಫೆಡೆರಿಕೊ ಫ್ಯಾಜಿನ್, ಚಿತ್ರಕ್ಕೆ ರುಜು ಹಾಕುವ ಕಲಾವಿದನಂತೆ, ಚಿಪ್ಪಿನ ಮೂಲೆಯಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನು ಕೊರೆದರು.

ಮೈಕ್ರೊಪ್ರೊಸೆಸರಿನ ನಾಲ್ಕನೇ ಪೀಳಿಗೆ ಬಂದು ಆರು ವರ್ಷವಾಗಿದ್ದರೂ 1977ರಲ್ಲಿ ಬೆಂಗಳೂರಿನ ಶಕುಂತಲಾ ದೇವಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಯೂನಿವ್ಯಾಕ್ ಯಂತ್ರಕ್ಕೆ 62 ಸೆಕೆಂಡ್ ಹಿಡಿಯಿತು. 'ಗಣಕ' ಪದದ ಹಳೆಯ ಅರ್ಥ ಅಂದು ಗೆದ್ದಿತು.

ಪಠ್ಯಪುಸ್ತಕದ 'ಐದನೇ ಪೀಳಿಗೆ' ಹುಟ್ಟುವ ಮೊದಲೇ ನಾಮಕರಣವಾದ ಕೂಸು. 1982ರಲ್ಲಿ ಜಪಾನ್ ಆ ಹೆಸರಿನ ಯೋಜನೆ ಆರಂಭಿಸಿತು. ಯೋಚಿಸುವ ಯಂತ್ರ ತನ್ನ ಗುರಿ ಎಂದಿತು. ಹತ್ತು ವರ್ಷದಲ್ಲಿ ಅಂದುಕೊಂಡದ್ದು ಕೈಗೂಡಲಿಲ್ಲ. ಪಾಠದ ಕೋಷ್ಟಕದಲ್ಲಿ ಆ ಸಾಲು ಮಾತ್ರ ಹಾಗೇ ಉಳಿಯಿತು.

ಹೀಗೆ ಉಳಿದದ್ದು ಇನ್ನೊಂದು: ಮಾಹಿತಿಯನ್ನು ತೂತುಗಳಾಗಿ ಬರೆಯುತ್ತಿದ್ದ 1928ರ ಐಬಿಎಂ ರಂಧ್ರಪತ್ರದಲ್ಲಿ (ಪಂಚ್ ಕಾರ್ಡ್) 80 ಕಾಲಂಗಳಿದ್ದವು. ರಂಧ್ರಪತ್ರ ಮೂಲೆ ಸೇರಿ ಎಷ್ಟೋ ಕಾಲವಾಯಿತು. ಆದರೆ ಲಿನಕ್ಸ್‌ನಲ್ಲಿ ಟರ್ಮಿನಲ್ ಕಿಟಕಿ ತೆರೆದು ಅಗಲ ಎಣಿಸಿ ನೋಡಿ: ಸಾಮಾನ್ಯವಾಗಿ 80 ಅಕ್ಷರ.