ಹಸಿರು ಮೇಜಿನ ಚಾಂಪಿಯನ್ ಚಿತ್ರಾ

ಬಿಲಿಯರ್ಡ್ಸ್ ಎಂದೊಡನೆ, ಸಿರಿವಂತ ಗಂಡಸರು ಕ್ಲಬ್ಬಿನಲ್ಲಿ ಹೊತ್ತು ಕಳೆಯುವ ಆಟವೆಂದೇ ನಮ್ಮಲ್ಲಿ ಬಹುಮಂದಿಯ ಭಾವನೆ. ಅದನ್ನು ತಿದ್ದಿಕೊಳ್ಳಲು ನಮ್ಮ ಬೆಂಗಳೂರಿನ ಚಿತ್ರಾ ಮಗಿಮೈರಾಜ್ ಅವರ ಸಾಧನೆಯೊಂದೇ ಸಾಕು.

ಚಿತ್ರಾ ಮೊದಲು ಹಾಕಿ ಆಟಗಾರ್ತಿ. ಮೊಣಕಾಲಿನ ಗಾಯ ಆ ಓಟವನ್ನು ತಡೆಯಿತು. ಆದರೆ ಅವರು ಆಟವನ್ನೇ ತೊರೆಯಲಿಲ್ಲ; ಹಾಕಿಯ ಕೋಲನ್ನು ಕೆಳಗಿಟ್ಟು, 'ಕ್ಯೂ' ಎಂಬ ನೀಳವಾದ ಕೋಲನ್ನು ಕೈಗೆತ್ತಿಕೊಂಡರು.

ಈ ಕೋಲಿನ ಆಟಗಳಲ್ಲಿ ಮುಖ್ಯವಾದವು ಮೂರು. ಬಿಲಿಯರ್ಡ್ಸಿಗೆ ಮೂರೇ ಚೆಂಡು. ಸ್ನೂಕರಿಗೆ 15 ಕೆಂಪು, 6 ಬೇರೆ ಬಣ್ಣದವು, ಹೊಡೆಯುವ ಬಿಳಿಯದೊಂದು, ಒಟ್ಟು 22. ಪೂಲ್ ಆಟದ ಮೇಜು ಇವಕ್ಕಿಂತ ಚಿಕ್ಕದು. ಮೂರರಲ್ಲಿಯೂ ತೋಳಿನ ಬಲಕ್ಕಿಂತ ಲೆಕ್ಕಾಚಾರವೇ ಹಿರಿದು. ಒಂದು ಚೆಂಡನ್ನು ಗುಳಿಗೆ ಬೀಳಿಸಿದರೆ ಸಾಲದು. ತನ್ನ ಚೆಂಡು ಮುಂದಿನ ಹೊಡೆತಕ್ಕೆ ಅನುಕೂಲವಾದೆಡೆ ಬಂದು ನಿಲ್ಲಬೇಕು. ಕಣ್ಣು, ಕೈ, ತಾಳ್ಮೆ ಮೂರೂ ಕೂಡಿದಲ್ಲದೆ ಇದು ಸಾಧ್ಯವಿಲ್ಲ.

2006 ಮತ್ತು 2007ರಲ್ಲಿ ಚಿತ್ರಾ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಗೆದ್ದರು. ಪೂಲಿನಲ್ಲಿಯೂ ರಾಷ್ಟ್ರೀಯ ಚಾಂಪಿಯನ್ ಎನಿಸಿಕೊಂಡರು. ಏಳು ವರ್ಷಗಳ ತರುವಾಯ, 2014ರಲ್ಲಿ, ಹಿರಿಯ ಮಹಿಳೆಯರ ವಿಶ್ವ ಸ್ನೂಕರ್ ಪ್ರಶಸ್ತಿಯೂ ಅವರದಾಯಿತು. ಓಟದ ಆಟಗಳಲ್ಲಿ ನಿವೃತ್ತಿಯ ಮಾತು ಕೇಳಿಬರುವ ವಯಸ್ಸು ಅದು.

ಮನೆಯ ಹುಡುಗಿ ಈ ಆಟವನ್ನು ಕಲಿಯುವೆನೆಂದರೆ, ಹಿರಿಯರು ವಿಚಾರಿಸಬೇಕಾದುದು ಇಷ್ಟೆ: ಒಳ್ಳೆಯ ಗುರು ಇದ್ದಾರೆಯೆ? ದಿನವೂ ಅಭ್ಯಾಸಕ್ಕೆ ಮೇಜು ಸಿಗುವುದೆ? ಎರಡಕ್ಕೂ ಹೌದೆಂಬ ಉತ್ತರ ದೊರೆತರೆ, 'ಇದು ಹೆಂಗಸರ ಆಟವಲ್ಲ' ಎಂಬ ಮಾತಿಗೆ ಎಡೆಯೇ ಇಲ್ಲ.