ನೆರೆಯ ಪಟ್ಟಣಗಳ ಆಪತ್ಕಾಲದ ನೀರು

ನೆರೆಹೊರೆಯ ಎರಡು ಪಟ್ಟಣಗಳು ತಮ್ಮ ಕುಡಿಯುವ ನೀರಿನ ಕೊಳಾಯಿಗಳನ್ನು ಜೋಡಿಸಿಕೊಂಡು, ಆಪತ್ತು ಬಂದಾಗ ಒಂದಕ್ಕೊಂದು ಒದಗುವ ಏರ್ಪಾಡು ಮೇಲುನೋಟಕ್ಕೆ ಸುಲಭವಾಗಿಯೇ ತೋರುವುದು. ಆದರೆ ಎರಡೂ ಊರುಗಳು ಒಂದೇ ಬೆಟ್ಟದ ಮಳೆಯನ್ನು ನೆಚ್ಚಿದ್ದಲ್ಲಿ ಒಂದರ ಜಲಾಶಯ ಬತ್ತಿದ ವರ್ಷವೇ ಇನ್ನೊಂದರದೂ ಬತ್ತುವುದು. ಆಗ ಜೋಡಿಸಿದ ಕೊಳಾಯಿಯಲ್ಲಿ ಬರುವುದು ಗಾಳಿಯೇ ಹೊರತು ನೀರಲ್ಲ. ಆದಕಾರಣ ನೆರೆಯ ಊರು ಎಷ್ಟು ಹತ್ತಿರವಿದೆ ಎಂಬುದಕ್ಕಿಂತ, ಅದರ ನೀರು ಎಲ್ಲಿಂದ ಬರುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ವಿಚಾರ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಒಂದು ನಿದರ್ಶನದಿಂದ ಇದು ವಿಶದವಾಗುವುದು.

ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಉತ್ತರಕ್ಕೆ ಮರಿನ್ ಎಂಬ ಸೀಮೆಯುಂಟು. ಅದರ ದಕ್ಷಿಣಭಾಗದ ಊರುಗಳಿಗೆ ಬಹುಮಟ್ಟಿಗೆ ಟಮಲ್ಪೈಸ್ ಬೆಟ್ಟದ ಸುತ್ತಣ ಜಲಾಶಯಗಳೇ ಆಧಾರ. 1976 ಮತ್ತು 1977ರಲ್ಲಿ ಮಳೆ ಕೈಕೊಟ್ಟಿತು. ಮನೆಮನೆಗೂ ನೀರನ್ನು ಅಳೆದು ಕೊಡಬೇಕಾಯಿತು. ಕೊಲ್ಲಿಯ ಪೂರ್ವ ದಡದ ಪಟ್ಟಣಗಳಿಗೆ ದೂರದ ಸಿಯೆರಾ ನೆವಾಡ ಪರ್ವತದ ಮೊಕೆಲಮ್ನಿ ನದಿಯ ನೀರು ಬರುತ್ತಿದ್ದಿತಾದರೂ, ಆ ವರ್ಷ ಅವರೂ ಕೈ ಬಿಗಿಹಿಡಿದೇ ಬಳಸುತ್ತಿದ್ದರು. ಕೊಡಲು ಮನಸ್ಸಿದ್ದ ನೆರೆಯವನಲ್ಲಿಯೂ ಕೊಡಲು ನೀರಿರಲಿಲ್ಲ.

ಉಪಾಯವು ದೊರೆತದ್ದು ನೂರಾರು ಮೈಲಿ ದಕ್ಷಿಣಕ್ಕಿರುವ ಲಾಸ್ ಏಂಜಲಿಸ್ ಪ್ರಾಂತದಿಂದ. ಅಲ್ಲಿನ ಪಟ್ಟಣಗಳಿಗೆ ಕೊಲರಾಡೊ ನದಿಯ ನೀರೂ ಇದ್ದಿತು, ಸಂಸ್ಥಾನದ ಕಾಲುವೆಯಿಂದ ಬರುವ ಉತ್ತರದ ನೀರಿನಲ್ಲಿ ಪಾಲೂ ಇದ್ದಿತು. ಅವರು ಕೊಲರಾಡೊವನ್ನೇ ಹೆಚ್ಚಾಗಿ ಬಳಸಿಕೊಂಡು ಉತ್ತರದ ಪಾಲನ್ನು ಬಿಟ್ಟುಕೊಟ್ಟರು. ಅದರಲ್ಲಿ ಒಂದಂಶ ಮರಿನ್ ಸೀಮೆಗೆ ದಕ್ಕಿತು. ನಮ್ಮ ಹಳೆಯ ಪೇಟೆಗಳ ಹುಂಡಿಯ ರೀತಿಯನ್ನು ಬಲ್ಲವರಿಗೆ ಇದು ಹೊಸತಲ್ಲ. ಒಂದೂರಿನಲ್ಲಿ ಕಟ್ಟಿದ ಹಣ ಇನ್ನೊಂದೂರಿನಲ್ಲಿ ಕೈಸೇರುವಾಗ ಅದೇ ನಾಣ್ಯಗಳು ದಾರಿ ನಡೆಯುವುದಿಲ್ಲ. ಹಾಗೆಯೇ ಕೊಲರಾಡೊ ನದಿಯ ಒಂದು ಹನಿಯೂ ಮರಿನ್ ಮುಟ್ಟಲಿಲ್ಲ.

ಬಿಟ್ಟುಕೊಟ್ಟ ಆ ಪಾಲು ಮಾತ್ರ ನಿಜವಾಗಿಯೇ ದಾರಿ ಸವೆಸಬೇಕಾಯಿತು. ಸಂಸ್ಥಾನದ ಕಾಲುವೆ, ಸಾನ್ ಫ್ರಾನ್ಸಿಸ್ಕೋ ನಗರದ ವ್ಯವಸ್ಥೆ, ಹೇವರ್ಡ್ ಪಟ್ಟಣದ ಕೊಳಾಯಿ, ಪೂರ್ವ ದಡದ ಜಾಲ, ಹೀಗೆ ಕೈಯಿಂದ ಕೈಗೆ ದಾಟಿ ಅದು ರಿಚ್ಮಂಡ್ ಪಟ್ಟಣವನ್ನು ಮುಟ್ಟಿತು. ಅಲ್ಲಿಂದ ಮುಂದೆ ಕೊಲ್ಲಿ. 1956ರಲ್ಲಿ ತೆರೆದ ರಿಚ್ಮಂಡ್–ಸಾನ್ ರಫೇಲ್ ಸೇತುವೆಯ ಮೇಲೆ, ವಾಹನಗಳ ಪಥವೊಂದನ್ನು ಮುಚ್ಚಿ, 1977ರಲ್ಲಿ 24 ಅಂಗುಲ ವ್ಯಾಸದ ಕೊಳಾಯಿಯನ್ನು ಸುಮಾರು 6 ಮೈಲಿ ಹಾಸಿದರು. ಮುಂದಿನ ಚಳಿಗಾಲದಲ್ಲಿ ಮಳೆ ಬಂದಿತು. ಕೆಲವು ವರ್ಷಗಳ ತರುವಾಯ ಕೊಳಾಯಿಯನ್ನು ಕಿತ್ತುಹಾಕಿದರು. ಇದು ದುಡುಕೆಂದೇ ನನ್ನ ಎಣಿಕೆ. 2021ರ ಬರದಲ್ಲಿ ಅದೇ ಸೇತುವೆಯ ಮೇಲೆ ಮತ್ತೆ ಕೊಳಾಯಿ ಹಾಸುವ ಮಾತು ಎದ್ದಿತು. ವರ್ಷದ ಕೊನೆಗೆ ಮಳೆ ಸುರಿಯಲು ಮಾತೂ ಅಡಗಿತು.

ಹೇವರ್ಡಿನಲ್ಲಾದರೋ ನಿಲುಗಡೆಯ ಏರ್ಪಾಡೊಂದು 2007ರಲ್ಲಿ ಮುಗಿದಿದೆ. ದಿನಕ್ಕೆ 3 ಕೋಟಿ ಗ್ಯಾಲನ್ ನೀರನ್ನು ಎರಡು ದಿಕ್ಕಿಗೂ ಸಾಗಿಸಬಲ್ಲ ಈ ಜೋಡಣೆಯು ಟುವಾಲಮಿ ನದಿಯ ನೀರನ್ನು ಕುಡಿಯುವ ಸಾನ್ ಫ್ರಾನ್ಸಿಸ್ಕೋವನ್ನೂ ಮೊಕೆಲಮ್ನಿಯನ್ನು ಕುಡಿಯುವ ಪೂರ್ವ ದಡವನ್ನೂ ಕೂಡಿಸುತ್ತದೆ. ಎರಡು ಜಾಲಗಳ ಒತ್ತಡ ಒಂದೇ ಆಗಿರದ ಕಾರಣ ಪಂಪುಗಳು ಬೇಕು. ಕೊಳಾಯಿಯಲ್ಲಿ ನಿಂತ ನೀರು ಕೆಡುವುದರಿಂದ ಅದನ್ನು ಆಗಾಗ ಹೊರಬಿಡಬೇಕು. ಹೇವರ್ಡಿನ ಕೆಳಗೆ ಭೂಮಿಯ ಬಿರುಕೊಂದು ಹಾದುಹೋಗಿದೆ, 1868ರಲ್ಲಿ ಅಲ್ಲಿ ದೊಡ್ಡ ಭೂಕಂಪವಾಗಿತ್ತು. ಮುಖ್ಯ ಕೊಳಾಯಿ ಒಡೆದಾಗ ಅಥವಾ ದುರಸ್ತಿಗೆಂದು ನೀರನ್ನು ನಿಲ್ಲಿಸಿದಾಗ ತೆರೆಯುವುದಕ್ಕಾಗಿಯೇ ಈ ಜೋಡಣೆಯನ್ನು ಕಟ್ಟಿದ್ದಾರೆ.